ಕರಿ ಗೌನಿನ ಮಹಾತ್ಮೆ

ಸತ್ಯನಾರಾಯಣನಿಗೆ ಐದು ಅಧ್ಯಾಯಗಳ ಕಥೆಯಿದೆ. ಅನಂತಪದ್ಮನಾಭನಿಗೆ, ವರಮಹಾಲಕ್ಷ್ಮಿಗೆ, ಸ್ವರ್ಣಗೌರಿಗೆ, ಕೊನೆಗೆ ಶನಿಮಹಾತ್ಮನಿಗೂ ಒಂದೊಂದು ಕಥೆಯಿದೆ. ಆದರೆ ಪರದೆಯ ಹಿಂದಿನಿಂದ ಪ್ರತ್ಯಕ್ಷವಾಗುವ, ಕಂಡೊಡನೆ ಸಭೆಯೆಲ್ಲ ಎದ್ದು ನಿಲ್ಲುವ, ವರವನ್ನು ಮಾತ್ರ ಮೊಮ್ಮಕ್ಕಳ ಕಾಲಕ್ಕೆ ದಯಪಾಲಿಸುವ ಒಂದು ದೈವಕ್ಕೆ ಇದುವರೆಗೆ ಯಾರೂ ಕಥೆ ಬರೆದಿಲ್ಲ. ಆ ದೈವ ನ್ಯಾಯಪೀಠದ ಕರಿ ಗೌನು. ದೇಶದಲ್ಲಿ ಐದು ಕೋಟಿಗೂ ಹೆಚ್ಚು ಪ್ರಕರಣಗಳು ಅದರ ಮುಂದೆ ಕೈಕಟ್ಟಿ ನಿಂತಿವೆ. ಇಷ್ಟು ಭಕ್ತಗಣವಿರುವ ದೈವಕ್ಕೆ ಒಂದು ವ್ರತಕಥೆಯಾದರೂ ಬೇಡವೇ? ಆದ್ದರಿಂದ ಈ ಮಹಾತ್ಮೆ. ಭಕ್ತಿಯಿಂದಲೇ ಬರೆಯುತ್ತಿದ್ದೇನೆ. ಭಕ್ತರ ಮೇಲೆ ನ್ಯಾಯಾಂಗ ನಿಂದನೆಯ ಕೇಸು ಹಾಕುವುದು ಸ್ವಲ್ಪ ಕಷ್ಟ.

ಉತ್ಪತ್ತಿ

ಮೊದಲು ಸಂಕೇತಾರ್ಥ. ಕಪ್ಪಿನ ಮೇಲೆ ಬೇರಾವ ಬಣ್ಣವೂ ಹತ್ತುವುದಿಲ್ಲ, ಹಾಗಾಗಿ ನ್ಯಾಯಾಧೀಶರಿಗೆ ಯಾರ ಪ್ರಭಾವವೂ ತಟ್ಟುವುದಿಲ್ಲ. ಕೊರಳಿನ ಬಿಳಿ ಬ್ಯಾಂಡಿನ ಎರಡು ಪಟ್ಟಿಗಳು ಮೋಸೆಸ್ ಬೆಟ್ಟದಿಂದ ಹೊತ್ತುತಂದ ಎರಡು ಶಿಲಾಫಲಕಗಳು. ಎಲ್ಲಕ್ಕಿಂತ ದೊಡ್ಡ ಅರ್ಥ ಇದು: ಗೌನು ಒಳಗಿನ ಮನುಷ್ಯನನ್ನು ಮುಚ್ಚಿ ಪೀಠವನ್ನು ಮಾತ್ರ ತೋರಿಸುತ್ತದೆ. ಜಾತಿ, ಊರು, ಸಿಟ್ಟು, ಸೆಡವು, ಬೆಳಗಿನ ಅಜೀರ್ಣ ಎಲ್ಲ ಬಟ್ಟೆಯ ಕೆಳಗೆ. ಮೇಲೆ ಬರೀ ಕಾನೂನು. ಬಹಳ ಚೆಂದದ ಅರ್ಥ. ಒಂದೇ ತೊಡಕು, ಬಟ್ಟೆ ಮೊದಲು ಬಂತು, ಅರ್ಥವನ್ನು ಅಳತೆ ನೋಡಿ ಆಮೇಲೆ ಹೊಲಿದರು.

ಇಂಗ್ಲೆಂಡಿನ ನ್ಯಾಯಾಧೀಶರು ಹಿಂದೆ ಕಡುಗೆಂಪು, ನೇರಳೆ, ಹಸಿರು ನಿಲುವಂಗಿಗಳಲ್ಲಿ ಮೆರೆಯುತ್ತಿದ್ದವರು. ಯಾವ ಋತುವಿನಲ್ಲಿ ಯಾವ ಬಣ್ಣ ಎಂದು 1635ರಲ್ಲಿ ನಿಯಮವನ್ನೇ ಬರೆದುಕೊಂಡರು. 1685ರಲ್ಲಿ ಎರಡನೇ ಚಾರ್ಲ್ಸ್ ದೊರೆ ತೀರಿಕೊಂಡ. ಅವನ ಶೋಕಕ್ಕೆಂದು ವಕೀಲವರ್ಗ ಕಪ್ಪು ತೊಟ್ಟಿತು ಎಂಬುದು ಅಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಕಥೆ. ಅಲ್ಲ, 1694ರಲ್ಲಿ ತೀರಿಕೊಂಡ ಮೇರಿ ರಾಣಿಗೆ ಎನ್ನುವವರಿದ್ದಾರೆ. ಅವಳಿಗೂ ಅಲ್ಲ, 1714ರಲ್ಲಿ ಹೋದ ಆನ್ ರಾಣಿಗೆ ಎನ್ನುವವರೂ ಇದ್ದಾರೆ. ಸತ್ತವರು ಯಾರು ಎಂಬ ಬಗ್ಗೆಯೇ ವ್ಯಾಜ್ಯವಿದೆ. ಅಳುವುದು ಮಾತ್ರ ನಿಂತಿಲ್ಲ.

ನಮ್ಮಲ್ಲಿ ದಾಯಾದಿ ಸತ್ತರೆ ಹತ್ತು ದಿನ ಸೂತಕ. ಹನ್ನೊಂದನೆಯ ದಿನ ತಲೆಗೆ ನೀರು, ಹದಿಮೂರನೆಯ ದಿನ ವೈಕುಂಠ ಸಮಾರಾಧನೆ, ವಡೆ ಪಾಯಸ ಉಂಡು ಎದ್ದರೆ ಮುಗಿಯಿತು. ಸ್ವಂತ ಅಪ್ಪನಿಗಾದರೂ ವರ್ಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಎರಡನೇ ಚಾರ್ಲ್ಸ್ ನಮಗೆ ಯಾವ ಗೋತ್ರದಿಂದ ಸಂಬಂಧಿಯೋ ತಿಳಿಯದು. 340 ವರ್ಷ ಕಳೆದರೂ ಬೀದರಿನಿಂದ ಚಾಮರಾಜನಗರದವರೆಗೆ ಅವನ ಸೂತಕ ಬಿಟ್ಟಿಲ್ಲ.

ಇನ್ನೂ ದೊಡ್ಡ ಸೋಜಿಗ, ಸತ್ತವನ ಮನೆಯವರೇ ಒಂದೊಂದಾಗಿ ಸೂತಕ ಕಳೆದುಕೊಳ್ಳುತ್ತಿದ್ದಾರೆ. 2008ರಲ್ಲಿ ಇಂಗ್ಲೆಂಡಿನ ಸಿವಿಲ್ ಮತ್ತು ಕೌಟುಂಬಿಕ ನ್ಯಾಯಾಲಯಗಳ ನ್ಯಾಯಾಧೀಶರು ಕುದುರೆಗೂದಲಿನ ಟೋಪನ್ ಕಳಚಿಟ್ಟರು. ಬೆಟ್ಟಿ ಜಾಕ್ಸನ್ ಎಂಬ ಫ್ಯಾಷನ್ ವಿನ್ಯಾಸಕಿಯಿಂದ ಹಗುರವಾದ ಹೊಸ ಗೌನು ಮಾಡಿಸಿಕೊಂಡರು. 2009ರಲ್ಲಿ ಲಂಡನ್ನಿನಲ್ಲಿ ಸುಪ್ರೀಂ ಕೋರ್ಟ್ ಶುರುವಾದಾಗ ಅದರ ನ್ಯಾಯಮೂರ್ತಿಗಳು ಸಾದಾ ಸೂಟಿನಲ್ಲಿ ಕುಳಿತು ಕೇಸು ಕೇಳಿದರು. ಎರಡೂ ಕಡೆಯವರು ಒಪ್ಪಿದರೆ ಗೌನಿಲ್ಲದೆ ವಾದಿಸಬಹುದೆಂದು 2011ರಲ್ಲಿ ವಕೀಲರಿಗೂ ಬಿಟ್ಟುಕೊಟ್ಟರು. ಅಲ್ಲಿ ನ್ಯಾಯ ಕುಸಿದುಬಿದ್ದ ಸುದ್ದಿ ಇಲ್ಲಿಯವರೆಗೆ ಬಂದಿಲ್ಲ. ನಾವೂ ಆ ಕುದುರೆಗೂದಲನ್ನು ಎಂದೋ ಬಿಟ್ಟೆವು, ಆಗಲೂ ಆಕಾಶ ಕಳಚಲಿಲ್ಲ.

ಗೌನಿನ ಎಡಭುಜದ ಹಿಂದೆ ಇಳಿಬಿದ್ದ ಒಂದು ಬಟ್ಟೆಯ ತುಂಡಿದೆ. ಅದು ಹಿಂದೆ ಚೀಲವಾಗಿತ್ತು, ಫೀಸು ಕೇಳುವುದು ಗೌರವಕ್ಕೆ ಕುಂದೆಂದು ವಕೀಲರು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು, ಕಕ್ಷಿದಾರ ಕೈಲಾದಷ್ಟು ಹಾಕಿ ಹೋಗುತ್ತಿದ್ದ ಎಂದು ಹೇಳುವುದುಂಟು. ಶೋಕದ ಮುಸುಕಿನ ಅವಶೇಷ ಅದು ಎಂದು ತಿಳಿದವರು ಹೇಳುತ್ತಾರೆ. ಚೀಲದ ಕಥೆಯನ್ನು ನಾನೂ ನಂಬುವುದಿಲ್ಲ. ಇತಿಹಾಸದ ಯಾವ ಘಟ್ಟದಲ್ಲೂ ಫೀಸಿನ ವಿಷಯದಲ್ಲಿ ವಕೀಲರು ಬೆನ್ನು ತಿರುಗಿಸಿದ್ದನ್ನು ಕಲ್ಪಿಸಿಕೊಳ್ಳಲು ಆಗುತ್ತಿಲ್ಲ.

ಅಮೆರಿಕದ ಉಪಕಥೆಯೊಂದನ್ನೂ ಕೇಳಬೇಕು. ಅಲ್ಲಿನ ಮುಖ್ಯ ನ್ಯಾಯಮೂರ್ತಿ ವಿಲಿಯಂ ರೆನ್‌ಕ್ವಿಸ್ಟ್ 1995ರಲ್ಲಿ ಒಂದು ದಿನ ತಮ್ಮ ಗೌನಿನ ಒಂದೊಂದು ತೋಳಿಗೆ ನಾಲ್ಕು ನಾಲ್ಕು ಚಿನ್ನದ ಪಟ್ಟಿ ಹೊಲಿಸಿಕೊಂಡು ಬಂದು ಕುಳಿತರು. ಸಂವಿಧಾನದ ಯಾವ ತಿದ್ದುಪಡಿಯಿಂದ ಬಂದ ಪಟ್ಟಿಗಳು ಅವು? ‘ಅಯೋಲಾಂತೆ’ ಎಂಬ ಹಾಸ್ಯ ಸಂಗೀತ ನಾಟಕದಿಂದ ಬಂದವು. ಅದರ ಲಾರ್ಡ್ ಚಾನ್ಸಲರ್ ಪಾತ್ರದ ವೇಷ ಅವರಿಗೆ ಹಿಡಿಸಿತ್ತು. ಆ ನಾಟಕ ಗೇಲಿ ಮಾಡುವುದೇ ಇಂಥ ಕಾನೂನಿನ ದೊಡ್ಡವರನ್ನು. 1999ರಲ್ಲಿ ಅಧ್ಯಕ್ಷ ಕ್ಲಿಂಟನ್ ಮೇಲಿನ ಮಹಾಭಿಯೋಗದ ವಿಚಾರಣೆಯನ್ನೂ ಅವರು ಅದೇ ಪಟ್ಟಿಗಳಲ್ಲಿ ನಡೆಸಿದರು. ಗೌನು ಮನುಷ್ಯನನ್ನು ಮುಚ್ಚುತ್ತದೆ ಎಂಬ ಸಂಕೇತಾರ್ಥ ಅಲ್ಲಿಗೆ ತೋಳಿನ ಬಳಿಯೇ ಹರಿಯಿತು.

ಧಾರಣವಿಧಿ

ವ್ರತಕ್ಕೆ ವಿಧಿ ಮುಖ್ಯ. ವಕೀಲರ ಉಡುಪಿನ ವಿಧಿ ವಕೀಲರ ಕಾಯಿದೆ 1961ರ 49ನೇ ಕಲಮಿನಲ್ಲಿದೆ. ಉಡುಪನ್ನು ನಿಗದಿ ಮಾಡುವಾಗ ಹವಾಮಾನವನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು ಎಂದು ಆ ಕಲಮೇ ಹೇಳುತ್ತದೆ. ಕಾಯಿದೆ ಬರೆದವರು ಈ ದೇಶದಲ್ಲಿ ಒಂದು ಬೇಸಿಗೆಯನ್ನಾದರೂ ಕಳೆದವರು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ. ಕಾಯಿದೆಯ ಆಣತಿಯಂತೆ ಬಾರ್ ಕೌನ್ಸಿಲ್ ಹವಾಮಾನವನ್ನು ಗಮನದಲ್ಲಿ ಇಟ್ಟುಕೊಂಡಿತು. ಗಮನದಲ್ಲಿ ಇಟ್ಟುಕೊಂಡು, ಕರಿಕೋಟು, ಬಿಳಿ ಬ್ಯಾಂಡು, ಮೇಲೊಂದು ಗೌನು ಎಂದು ಬರೆಯಿತು.

ಬೇಸಿಗೆಯಲ್ಲಿ ಕರಿಕೋಟು ಕಡ್ಡಾಯವಲ್ಲ ಎಂಬ ರಿಯಾಯಿತಿಯೂ ಆ ನಿಯಮದಲ್ಲಿದೆ. ಆದರೆ ಸುಪ್ರೀಂ ಕೋರ್ಟಿಗೂ ಹೈಕೋರ್ಟುಗಳಿಗೂ ಅದು ಅನ್ವಯಿಸುವುದಿಲ್ಲ. ಅಂದರೆ ಸೆಕೆ ಎಂಬುದು ಮುನ್ಸೀಫ್ ಕೋರ್ಟಿನ ತನಕ ಬರಬಹುದು, ಹೈಕೋರ್ಟಿನ ಬಾಗಿಲಲ್ಲಿ ಅದನ್ನು ದಲಾಯತ್ ತಡೆದು ನಿಲ್ಲಿಸುತ್ತಾನೆ. ಕರ್ನಾಟಕ ಹೈಕೋರ್ಟಿನ ಒಂದು ಪೀಠ ಕಲಬುರಗಿಯಲ್ಲಿದೆ. ಆ ಊರಿನ ಬೇಸಿಗೆ ಗೊತ್ತಿದ್ದವರು ಒಮ್ಮೆ ಕಣ್ಣು ಮುಚ್ಚಿ ನೆನೆಯಬೇಕು. ಪಾದರಸ ನಲವತ್ತು ದಾಟಿದೆ, ರಸ್ತೆಯಲ್ಲಿ ನಾಯಿಯೂ ಇಲ್ಲ. ಬಿಸಿಲು ಕಂಡರೆ ಎಮ್ಮೆ ಕೆರೆಗಿಳಿಯುತ್ತದೆ. ವಕೀಲರು ಕೋಟಿನ ಮೇಲೆ ಗೌನು ಹಾಕುತ್ತಾರೆ.

ಈ ಸಂಕಟವನ್ನು ಒಬ್ಬ ವಕೀಲರು ಅರ್ಜಿಯ ರೂಪದಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದರು. 2022ರಲ್ಲಿ, ಇದು ನಮ್ಮ ಕೆಲಸವಲ್ಲ, ಬಾರ್ ಕೌನ್ಸಿಲ್ ಬಳಿ ಹೋಗಿ ಎಂಬ ಉತ್ತರ ಸಿಕ್ಕಿತು. 2024ರಲ್ಲಿ ಮತ್ತೆ ವಿಷಯ ಬಂದಾಗ, ಇದು ಕೋರ್ಟಿನ ಶಿಸ್ತಿನ ಪ್ರಶ್ನೆ ಎಂದಿತು ಪೀಠ. ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಸೆಕೆಯ ಬಗ್ಗೆ ನಿಷ್ಪಕ್ಷಪಾತವಾಗಿ ಯೋಚಿಸುವುದು ಸುಲಭ. ಅದೇ 2024ರ ಏಪ್ರಿಲಿನಲ್ಲಿ, ವಕೀಲರ ಸಂಘದ ಮನವಿಯ ಮೇಲೆ, ನಮ್ಮ ಹೈಕೋರ್ಟು ರಾಜ್ಯದ ವಿಚಾರಣಾ ನ್ಯಾಯಾಲಯಗಳಲ್ಲಿ ಮೇ ಕೊನೆಯ ತನಕ ಕರಿಕೋಟಿಗೆ ವಿನಾಯಿತಿ ಕೊಟ್ಟಿತು. ನಿಯಮದಲ್ಲಿ ಮೊದಲೇ ಬರೆದಿದ್ದ ರಿಯಾಯಿತಿಯನ್ನು ಮನವಿ ಕೊಟ್ಟು ಕೇಳಬೇಕು, ಕೊಟ್ಟಾಗ ಧನ್ಯವಾದ ಹೇಳಬೇಕು. ಕಾನೂನು ಗೊತ್ತಿದ್ದವರಿಗೂ ಕಾನೂನು ದೊರೆಯುವ ರೀತಿ ಇದೇ.

ಬಿಸಿಲಿಗೆ ಬ್ರಿಟಿಷರು ಕಂಡುಕೊಂಡ ಪರಿಹಾರ ಬೇರೆ. ಅವರು ಗೌನು ತೆಗೆಯಲಿಲ್ಲ, ಕೋರ್ಟನ್ನೇ ಮುಚ್ಚಿ ಊರಿಗೆ ಹೋದರು. ಬೇಸಿಗೆ ರಜೆ ಎಂಬ ಆ ಪದ್ಧತಿಯನ್ನು ನಾವು ಗೌನಿನಷ್ಟೇ ಭಕ್ತಿಯಿಂದ ಉಳಿಸಿಕೊಂಡೆವು. ಜನ ಆಡಿಕೊಳ್ಳತೊಡಗಿದಾಗ ಸುಪ್ರೀಂ ಕೋರ್ಟು 2024ರಲ್ಲಿ ಒಂದು ಸುಧಾರಣೆ ತಂದಿತು. ಬೇಸಿಗೆ ರಜೆಗೆ ‘ಭಾಗಶಃ ಕೆಲಸದ ದಿನಗಳು’ ಎಂದು ಹೆಸರಿಟ್ಟಿತು.

ಹಾಗೆಂದು ಗೌನಿಲ್ಲದೆ ನ್ಯಾಯವೇ ನಡೆಯದು ಎನ್ನುವಂತಿಲ್ಲ. ಕೊರೊನಾ ಬಂದಾಗ, 2020ರ ಮೇ 13ರಂದು ಸುಪ್ರೀಂ ಕೋರ್ಟೇ ಸುತ್ತೋಲೆ ಹೊರಡಿಸಿ, ವಿಡಿಯೊ ವಿಚಾರಣೆಗೆ ಬಿಳಿ ಅಂಗಿ, ಬಿಳಿ ಸೀರೆ ಅಥವಾ ಬಿಳಿ ಸಲ್ವಾರ್, ಕೊರಳಿಗೆ ಬ್ಯಾಂಡು ಇದ್ದರೆ ಸಾಕು ಎಂದಿತು. ಭಕ್ತರ ಪೈಕಿ ಕೆಲವರು ಇನ್ನೂ ಮುಂದೆ ಹೋದರು. ರಾಜಸ್ಥಾನ ಹೈಕೋರ್ಟಿನ ಮುಂದೆ ಒಬ್ಬ ವಕೀಲರು ಬನಿಯನ್ನಿನಲ್ಲಿ ಪ್ರತ್ಯಕ್ಷರಾದರು, ಮತ್ತೊಬ್ಬರು ಟೀ ಶರ್ಟಿನಲ್ಲಿ ಮಂಚದ ಮೇಲೆ ಮಲಗಿಕೊಂಡೇ ಸುಪ್ರೀಂ ಕೋರ್ಟಿಗೆ ಹಾಜರಾದರು. ಬನಿಯನ್ನಿನ ಕೇಸನ್ನು ಮುಂದೂಡಲಾಯಿತು. ಮುಂದೂಡಲು ನಮ್ಮಲ್ಲಿ ಬನಿಯನ್ನೇ ಆಗಬೇಕೆಂದಿಲ್ಲ ಎಂಬುದು ಬೇರೆ ಮಾತು.

ಇತ್ತೀಚೆಗೆ ಎಲ್ಲವನ್ನೂ ಭಾರತೀಯ ಮಾಡುವ ಸಂಭ್ರಮ ಶುರುವಾಗಿದೆ. ದಂಡಸಂಹಿತೆ ಹೋಗಿ ನ್ಯಾಯಸಂಹಿತೆ ಬಂತು. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಗ್ರಂಥಾಲಯದಲ್ಲಿ ನ್ಯಾಯದೇವತೆಯ ಹೊಸ ಮೂರ್ತಿ ಕಾಣಿಸಿಕೊಂಡಿತು. ಕಣ್ಣಿನ ಪಟ್ಟಿ ಬಿಚ್ಚಿದ್ದಾರೆ, ಕತ್ತಿ ಹೋಗಿ ಕೈಗೆ ಸಂವಿಧಾನ ಬಂದಿದೆ, ಮೈಮೇಲೆ ಸೀರೆಯಿದೆ. ಸೆಕೆಯೂ ಆಗದ, ಬೆವರೂ ಬರದ ಮೂರ್ತಿಗೆ ದೇಶದ ಹವೆಗೆ ಒಗ್ಗುವ ಉಡುಪು. ಅದರ ಮುಂದೆ ಹಾದುಹೋಗುವ ಜೀವಂತ ಮನುಷ್ಯರಿಗೆ ಎರಡನೇ ಚಾರ್ಲ್ಸನ ಸೂತಕ.

‘ಮೈ ಲಾರ್ಡ್’ ಎಂಬ ನಾಮಸ್ಮರಣೆಯದೂ ಇದೇ ಪಾಡು. ಅದು ವಸಾಹತು ಕಾಲದ ಪಳೆಯುಳಿಕೆ, ಬಿಟ್ಟುಬಿಡಿ ಎಂದು ಬಾರ್ ಕೌನ್ಸಿಲ್ 2006ರಲ್ಲೇ ನಿಯಮ ಮಾಡಿತು. ಹಾಗೆ ಕರೆಯುವುದು ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. ನಮ್ಮ ಹೈಕೋರ್ಟಿನಲ್ಲೂ 2021ರಲ್ಲಿ ನ್ಯಾಯಮೂರ್ತಿಗಳು ಬೇಡವೆಂದು ಕೇಳಿಕೊಂಡದ್ದುಂಟು. ‘ತಮ್ಮ ಅಪ್ಪಣೆಯಂತೆ ಇನ್ನು ಮುಂದೆ ಮೈ ಲಾರ್ಡ್ ಅನ್ನುವುದಿಲ್ಲ, ಮೈ ಲಾರ್ಡ್’ ಎನ್ನುವ ವಿಧೇಯರಿಗೆ ನಮ್ಮಲ್ಲಿ ಬರವಿಲ್ಲ.

ಮಹಿಮೆ

ಈಗ ಗೌನಿನ ಮುಖ್ಯ ಮಹಿಮೆಗೆ ಬರೋಣ. ಅದು ಮನುಷ್ಯನನ್ನು ಮುಚ್ಚಿ ಪೀಠವನ್ನು ತೋರಿಸುತ್ತದೆ ಎಂದೆವು. ಇದನ್ನು ಸ್ವತಃ ಪೀಠವೇ ಒಂದು ತೀರ್ಪಿನಲ್ಲಿ ಬಿಡಿಸಿ ತೋರಿಸಿದೆ. 2020ರ ಜೂನಿನಲ್ಲಿ ಸುಪ್ರೀಂ ಕೋರ್ಟಿನ ಅಂದಿನ ಮುಖ್ಯ ನ್ಯಾಯಮೂರ್ತಿಗಳು ನಾಗಪುರದಲ್ಲಿ ಒಂದು ದುಬಾರಿ ಮೋಟಾರ್ ಸೈಕಲ್ ಮೇಲೆ ಕುಳಿತ ಫೋಟೊ ಹರಿದಾಡಿತು. ಗೌನಿರಲಿಲ್ಲ, ಹೆಲ್ಮೆಟ್ಟೂ ಇರಲಿಲ್ಲ. ವಕೀಲ ಪ್ರಶಾಂತ್ ಭೂಷಣ್ ಅದರ ಬಗ್ಗೆ ಟ್ವೀಟ್ ಮಾಡಿದರು, ನ್ಯಾಯಾಂಗ ನಿಂದನೆಯ ಪ್ರಕರಣ ನಡೆಯಿತು. ಆಗಸ್ಟಿನಲ್ಲಿ ಬಂದ ತೀರ್ಪು ಆ ಟ್ವೀಟನ್ನು ಎರಡು ಹೋಳು ಮಾಡಿತು. ಬೈಕಿನ ಮೇಲೆ ಕುಳಿತ ಬಗ್ಗೆ ಇರುವ ಭಾಗ ಒಬ್ಬ ವ್ಯಕ್ತಿಯ ಮೇಲಿನ ಟೀಕೆ ಎನ್ನಬಹುದು. ಕೋರ್ಟಿಗೆ ಬೀಗ ಹಾಕಿದ್ದಾರೆ ಎಂಬ ಭಾಗ ಮುಖ್ಯ ನ್ಯಾಯಮೂರ್ತಿ ಎಂಬ ಪದವಿಯ ಮೇಲಿನದು, ಹಾಗಾಗಿ ನಿಂದನೆ. ಒಂದೇ ಬೈಕು, ಒಬ್ಬರೇ ಸವಾರರು, ಅರ್ಧ ವಾಕ್ಯದಲ್ಲಿ ಗೌನಿಲ್ಲ, ಉಳಿದರ್ಧದಲ್ಲಿ ಗೌನಿದೆ. ಬೈಕು ಸ್ಟ್ಯಾಂಡಿನ ಮೇಲಿತ್ತು, ಹಾಗಾಗಿ ಹೆಲ್ಮೆಟ್ ಬೇಕಿರಲಿಲ್ಲ ಎಂಬುದನ್ನು ಗಮನಿಸದಿದ್ದಕ್ಕೆ ಮಾತ್ರ ಭೂಷಣ್ ವಿಷಾದಿಸಿದರು. ಶಿಕ್ಷೆ ಒಂದು ರೂಪಾಯಿ ದಂಡ. ಮಾನದ ಬೆಲೆ ಕಟ್ಟಿದವರು ಅನ್ಯರಲ್ಲ ಎಂಬುದನ್ನು ಭಕ್ತರು ಗಮನಿಸಬೇಕು.

ಗೌನು ನಿಜವಾಗಿ ಒಳಗಿನ ಮನುಷ್ಯನನ್ನು ಅಳಿಸುವುದಾದರೆ, ಒಂದೇ ಬಟ್ಟೆ ತೊಟ್ಟ ಐವರು ಒಂದೇ ಮಾತು ಆಡಬೇಕು. ತುರ್ತುಪರಿಸ್ಥಿತಿಯಲ್ಲಿ ಬಂಧಿತರಾದವರು ಕೋರ್ಟಿಗೆ ಬರಬಹುದೇ ಎಂಬ ಪ್ರಶ್ನೆ ಬಂದಿತ್ತು. ಬೆಂಗಳೂರಿನಲ್ಲಿ ಬಂಧಿತರಾಗಿದ್ದ ವಾಜಪೇಯಿ, ಅಡ್ವಾಣಿ ಮೊದಲಾದವರ ಅರ್ಜಿ ಕೇಳಿದ ನಮ್ಮ ಹೈಕೋರ್ಟೂ ಸೇರಿದಂತೆ ಹಲವು ಹೈಕೋರ್ಟುಗಳು ಬರಬಹುದು ಎಂದವು. ಸುಪ್ರೀಂ ಕೋರ್ಟಿನಲ್ಲಿ, ಅಕ್ರಮವಾಗಿ ಜೀವವನ್ನೇ ತೆಗೆದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದರು, ತುರ್ತುಪರಿಸ್ಥಿತಿ ಇರುವ ತನಕ ಇಲ್ಲವೆಂದೇ ಸರ್ಕಾರದ ವಕೀಲರು ಒಪ್ಪಿಕೊಂಡರು. 1976ರ ಏಪ್ರಿಲ್ 28ರಂದು ನಾಲ್ಕು ಗೌನುಗಳು ಸರ್ಕಾರ ಹೇಳಿದ್ದೇ ಸರಿ ಎಂದವು. ಐದನೆಯದರಲ್ಲಿ ಖನ್ನಾ ಇದ್ದರು, ಅವರು ಅಲ್ಲ ಎಂದರು. ಮರುವರ್ಷ ಅವರ ಹಿರಿತನವನ್ನು ದಾಟಿ ಬೇರೊಬ್ಬರು ಮುಖ್ಯ ನ್ಯಾಯಮೂರ್ತಿಯಾದರು, ಖನ್ನಾ ರಾಜೀನಾಮೆ ಕೊಟ್ಟರು. ಐದೂ ಗೌನುಗಳ ಬಟ್ಟೆ ಒಂದೇ, ಬಣ್ಣ ಒಂದೇ, ಹೊಲಿಗೆ ಒಂದೇ. ವ್ಯತ್ಯಾಸವೆಲ್ಲ ಯಾವುದನ್ನು ಅದು ಮುಚ್ಚಿಬಿಟ್ಟಿದೆ ಎನ್ನುತ್ತಾರೋ ಅದರಲ್ಲೇ ಇತ್ತು.

ಕೆಲವೊಮ್ಮೆ ಒಳಗಿನ ಮನುಷ್ಯ ಬಟ್ಟೆ ಹರಿದುಕೊಂಡು ಹೊರಗೆ ಇಣುಕುತ್ತಾನೆ. 2024ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಬೆಂಗಳೂರಿನ ಒಂದು ಬಡಾವಣೆಯನ್ನು ಪಾಕಿಸ್ತಾನ ಎಂದದ್ದು, ವಕೀಲೆಯೊಬ್ಬರಿಗೆ ಆಡಬಾರದ ಮಾತು ಆಡಿದ್ದು ನೇರಪ್ರಸಾರದ ತುಣುಕುಗಳಲ್ಲಿ ಊರೆಲ್ಲ ಸುತ್ತಿತು. ಸುಪ್ರೀಂ ಕೋರ್ಟಿನ ಐವರ ಪೀಠ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. ಭಾರತದ ಯಾವ ಭಾಗವನ್ನೂ ಯಾರೂ ಹಾಗೆ ಕರೆಯುವಂತಿಲ್ಲ ಎಂದಿತು, ನ್ಯಾಯಮೂರ್ತಿಗಳು ವಿಷಾದ ಸೂಚಿಸಿದ ಮೇಲೆ ಮುಗಿಸಿತು. ಅದೇ ವಾರ ಇಲ್ಲಿನ ಹೈಕೋರ್ಟು, ನೇರಪ್ರಸಾರದ ತುಣುಕುಗಳನ್ನು ಕತ್ತರಿಸಿ ಹಂಚಬಾರದು ಎಂದು ತಡೆ ಕೊಟ್ಟಿತು. ಮಾತು ಜಾರಿದ್ದಕ್ಕೆ ವಿಷಾದ, ಮಾತು ಕೇಳಿಸಿದ್ದಕ್ಕೆ ತಡೆಯಾಜ್ಞೆ.

ಈ ಮಹಿಮೆಗೆ ಅಸಲಿ ಗೌನೇ ಬೇಕೆಂದಿಲ್ಲ ಎಂಬುದನ್ನು ಕಳ್ಳರು ನಮಗಿಂತ ಮೊದಲೇ ಅರಿತರು. 2024ರಲ್ಲಿ ಲೂಧಿಯಾನದ ಹಿರಿಯ ಜವಳಿ ಉದ್ಯಮಿಯೊಬ್ಬರನ್ನು ಡಿಜಿಟಲ್ ಅರೆಸ್ಟ್ ಮಾಡಿ, ಸ್ಕೈಪಿನಲ್ಲೇ ಸುಪ್ರೀಂ ಕೋರ್ಟ್ ನಡೆಸಿ, ಮುಖ್ಯ ನ್ಯಾಯಮೂರ್ತಿಗಳ ಹೆಸರಿನಲ್ಲಿ ಆದೇಶ ಹೊರಡಿಸಿ, ಏಳು ಕೋಟಿ ರೂಪಾಯಿ ದೋಚಿದರು. ಉದ್ಯಮಿಗೆ ನ್ಯಾಯಮೂರ್ತಿಗಳ ಮುಖ ಕಾಣಲಿಲ್ಲ, ಮಾತು ಕೇಳಿಸಿತು, ಸುತ್ತಿಗೆಯ ಸದ್ದು ಕೇಳಿಸಿತು. ನಮ್ಮ ಕೋರ್ಟುಗಳಲ್ಲಿ ಸುತ್ತಿಗೆ ಬಡಿಯುವ ಪದ್ಧತಿಯಿಲ್ಲ, ಅದು ಸಿನಿಮಾದವರ ಕೊಡುಗೆ. ಆದರೇನು, ಕೆಲಸವಾಯಿತು. ಜೀವಮಾನವಿಡೀ ಬಟ್ಟೆಯ ವ್ಯಾಪಾರ ಮಾಡಿದವರೂ ಕಾಣದ ಗೌನಿಗೆ ಏಳು ಕೋಟಿ ತೆತ್ತರು. ಅದೇ ವರ್ಷ ಅಕ್ಟೋಬರಿನಲ್ಲಿ ಗುಜರಾತಿನಲ್ಲಿ ನಕಲಿ ನ್ಯಾಯಪೀಠವನ್ನೇ ತೆರೆದು ಸರ್ಕಾರಿ ಜಮೀನಿನ ಮೇಲೂ ಆದೇಶ ಹೊರಡಿಸಿದ ಆರೋಪದಲ್ಲಿ ಒಬ್ಬನ ಬಂಧನವಾಯಿತು. ಆದೇಶಗಳು ಬೇಗ ಬೇಗ ಹೊರಬಿದ್ದಾಗಲೇ ಜನರಿಗೆ ಅನುಮಾನ ಬರಬೇಕಿತ್ತು.

ಕರಿಬಟ್ಟೆಯ ಮೇಲೆ ಹೊದೆಯುವ ಇನ್ನೊಂದು ಗೌನಿದೆ, ಅದರ ಹೆಸರು ಇಂಗ್ಲಿಷು. ಸಂವಿಧಾನದ 348ನೇ ವಿಧಿಯಂತೆ ಸುಪ್ರೀಂ ಕೋರ್ಟು, ಹೈಕೋರ್ಟುಗಳ ಭಾಷೆ ಅದೇ. ಉತ್ತರದ ನಾಲ್ಕು ರಾಜ್ಯಗಳ ಹೈಕೋರ್ಟುಗಳಲ್ಲಿ ಹಿಂದಿಗೆ ಅವಕಾಶವಿದೆ, ಕನ್ನಡಕ್ಕೆ ಆ ಯೋಗ ಇನ್ನೂ ಬಂದಿಲ್ಲ. ತುರುವೇಕೆರೆಯ ರೈತ ತನ್ನ ಎರಡೆಕರೆಯ ಹಣೆಬರಹ ಕೇಳಲು ಬೆಂಗಳೂರಿಗೆ ಬಂದು, ಅಠಾರಾ ಕಚೇರಿಯ ಕೆಂಪು ಕಂಬಗಳ ನಡುವೆ ನಿಂತು, ಒಳಗೆ ಮೂರು ನಿಮಿಷ ನಡೆದ ಮಾತನ್ನು ಕಣ್ಣರಳಿಸಿ ನೋಡಿ, ಹೊರಗೆ ಬಂದು ‘ಏನಂದ್ರು ಸಾರ್?’ ಎಂದು ತನ್ನ ವಕೀಲರನ್ನೇ ಕೇಳುತ್ತಾನೆ. ‘ಅಡ್ಮಿಟ್ ಆಯ್ತು ಕಣಪ್ಪ’ ಎನ್ನುತ್ತಾರೆ ಅವರು. ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರಾದರೂ ಒಂದು ದಿನ ಡಿಸ್ಚಾರ್ಜ್ ಆಗುತ್ತಾರೆ.

ಉದ್ಯಾಪನೆ

ಹಿಡಿದ ವ್ರತವನ್ನು ಹಾಗೇ ಬಿಡುವಂತಿಲ್ಲ, ಉದ್ಯಾಪನೆ ಮಾಡಿ ಬಿಡಬೇಕು. ನ್ಯಾಯಮೂರ್ತಿಗಳ ಪ್ರಮಾಣವಚನದಲ್ಲಿ ಭಯವಿಲ್ಲದೆ, ಪಕ್ಷಪಾತವಿಲ್ಲದೆ, ರಾಗದ್ವೇಷಗಳಿಲ್ಲದೆ ಎಂಬ ಮಾತುಗಳಿವೆ. ಗೌನಿನ ಹೆಸರೇ ಇಲ್ಲ. ಹಾಗೆಯೇ, ಗೌನು ಕಳಚಿದ ಮೇಲೆ ಎಷ್ಟು ದಿನ ಸುಮ್ಮನಿರಬೇಕು ಎಂಬುದೂ ಅಲ್ಲಿಲ್ಲ. 2018ರ ಜನವರಿ 12ರಂದು ಸುಪ್ರೀಂ ಕೋರ್ಟಿನ ನಾಲ್ವರು ಹಿರಿಯ ನ್ಯಾಯಮೂರ್ತಿಗಳು ತಮ್ಮಲ್ಲೊಬ್ಬರ ಮನೆಯ ಹುಲ್ಲುಹಾಸಿನ ಮೇಲೆ ಪತ್ರಕರ್ತರನ್ನು ಕರೆದು, ಸಂಸ್ಥೆಯಲ್ಲಿ ಎಲ್ಲವೂ ಸರಿಯಿಲ್ಲ ಎಂದರು. ಗೌನಿಲ್ಲದೆ ಕುಳಿತಿದ್ದ ಅವರ ಮಾತನ್ನು ಜನ ನಂಬಿದರು. ಆ ನಾಲ್ವರಲ್ಲಿ ಒಬ್ಬರಾದ ರಂಜನ್ ಗೊಗೊಯಿ ಮುಂದೆ ಮುಖ್ಯ ನ್ಯಾಯಮೂರ್ತಿಯಾಗಿ 2019ರ ನವೆಂಬರಿನಲ್ಲಿ ನಿವೃತ್ತರಾದರು, 2020ರ ಮಾರ್ಚಿನಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ನಮ್ಮ ಕರಾವಳಿಯವರೇ ಆದ ನ್ಯಾಯಮೂರ್ತಿ ಅಬ್ದುಲ್ ನಜೀರ್ 2023ರ ಜನವರಿ 4ರಂದು ನಿವೃತ್ತರಾಗಿ, ಫೆಬ್ರವರಿ 12ರ ಹೊತ್ತಿಗೆ ಆಂಧ್ರದ ರಾಜ್ಯಪಾಲರಾಗಿ ನೇಮಕಗೊಂಡರು. ಕಲ್ಕತ್ತಾ ಹೈಕೋರ್ಟಿನ ಅಭಿಜಿತ್ ಗಂಗೋಪಾಧ್ಯಾಯ ನಿವೃತ್ತಿಯ ತನಕವೂ ಕಾಯಲಿಲ್ಲ. 2024ರ ಮಾರ್ಚ್ 5ರಂದು ರಾಜೀನಾಮೆ, 7ರಂದು ಪಕ್ಷ ಸೇರ್ಪಡೆ, ಜೂನಿನಲ್ಲಿ ಲೋಕಸಭೆ. ಕಪ್ಪಿಗೆ ಬೇರೆ ಬಣ್ಣ ಹತ್ತುವುದಿಲ್ಲ ಎಂಬುದು ಸತ್ಯವೇ, ಆದ್ದರಿಂದಲೇ ಇರಬೇಕು, ಮೊದಲು ಅದನ್ನು ಕಳಚಿಟ್ಟು ಹೋಗುತ್ತಾರೆ.

ಬೇರೆ ಬಗೆಯ ಉದ್ಯಾಪನೆಗಳೂ ನಡೆದಿವೆ, ಅವಕ್ಕೆ ಪ್ರಚಾರ ಕಡಿಮೆ. ಮದ್ರಾಸ್ ಹೈಕೋರ್ಟಿನ ಕೆ. ಚಂದ್ರು ತಮ್ಮ ಮುಂದೆ ಬೆಳ್ಳಿಕೋಲು ಹಿಡಿದು ನಡೆಯುವ ಚೋಪದಾರ ಬೇಡವೆಂದರು, ಮೈ ಲಾರ್ಡ್ ಬೇಡವೆಂದರು, 2013ರಲ್ಲಿ ನಿವೃತ್ತಿಯ ದಿನ ಸರ್ಕಾರಿ ಕಾರು ಹಿಂದಿರುಗಿಸಿ ಲೋಕಲ್ ಟ್ರೈನು ಹತ್ತಿದರು. ನ್ಯಾಯಮೂರ್ತಿಗಳ ಆಸ್ತಿ ವಿವರ ಬಹಿರಂಗವಾಗಬೇಕೇ ಎಂದು ದಿಲ್ಲಿಯಲ್ಲಿ ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದ 2009ರಲ್ಲಿ, ನಮ್ಮ ಹೈಕೋರ್ಟಿನ ಡಿ.ವಿ. ಶೈಲೇಂದ್ರ ಕುಮಾರ್ ತಮ್ಮದನ್ನು ತಾವೇ ಪ್ರಕಟಿಸಿದರು.

ಇನ್ನು ಕೆ.ಎಸ್. ಪುಟ್ಟಸ್ವಾಮಿ. ನಮ್ಮ ಹೈಕೋರ್ಟಿನಿಂದ 1986ರಲ್ಲೇ ನಿವೃತ್ತರಾದವರು, ಎಂಬತ್ತು ದಾಟಿದ ಮೇಲೆ 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿದಾರರಾಗಿ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ಜನರ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಅದೇ ತೀರ್ಪಿನಲ್ಲಿ 1976ರ ಆ ನಾಲ್ಕು ಗೌನುಗಳ ತೀರ್ಪನ್ನು ತಪ್ಪೆಂದು ರದ್ದು ಮಾಡಿತು. ಹಾಗೆಂದು ಬರೆದ ಡಿ.ವೈ. ಚಂದ್ರಚೂಡರ ತಂದೆ ವೈ.ವಿ. ಚಂದ್ರಚೂಡ್ ಆ ನಾಲ್ವರಲ್ಲಿ ಒಬ್ಬರು. ಅಪ್ಪನ ಗೌನು ಮಾಡಿದ ತಪ್ಪನ್ನು ಮಗನ ಗೌನು ತಿದ್ದಲು 41 ವರ್ಷ ಹಿಡಿಯಿತು. ಅದಕ್ಕೂ ಗೌನು ಕಳಚಿಟ್ಟ ಬೆಂಗಳೂರಿನ ಒಬ್ಬ ಮುದುಕರು ಅರ್ಜಿ ಹಾಕಬೇಕಾಯಿತು.

ಫಲಶ್ರುತಿ

ಈ ಮಹಾತ್ಮೆಯನ್ನು ಓದಿದ ವಕೀಲರಿಗೆ ಬೆವರುಸಾಲೆ ವಾಸಿಯಾಗುವುದು. ಹೊಲಿದ ದರ್ಜಿಗೆ ಮುಂದಿನ ಬ್ಯಾಚಿನ ಆರ್ಡರು ಸಿಗುವುದು. ನಿವೃತ್ತಿಯ ಅಂಚಿನಲ್ಲಿ ಇರುವವರಿಗೆ ಯಥಾಶಕ್ತಿ ಆಯೋಗ, ನ್ಯಾಯಮಂಡಳಿ, ರಾಜಭವನ ಪ್ರಾಪ್ತಿಯಾಗುವುದು. ಉಳಿದವನು ಕಕ್ಷಿದಾರ.

ಬಹಳ ಯೋಚಿಸಿದ ಮೇಲೆ ನನಗನ್ನಿಸಿದ್ದು, ಗೌನನ್ನು ಕಕ್ಷಿದಾರನಿಗೇ ತೊಡಿಸಬೇಕು. ಪಂಡಿತರು ಹೇಳುವ ಸಂಕೇತಾರ್ಥಗಳೆಲ್ಲ ಕೋರ್ಟಿನಲ್ಲಿ ಪೂರ್ತಿಯಾಗಿ ಒಪ್ಪುವುದು ಅವನೊಬ್ಬನಿಗೆ. ಒಳಗಿನ ಮನುಷ್ಯ ಅಳಿಸಿಹೋಗಬೇಕು ಎನ್ನುತ್ತಾರೆ. ಅವನಿಗೆ ಹೆಸರೇ ಉಳಿದಿಲ್ಲ, ಕೂಗುವುದು ಓ.ಎಸ್. ನಂಬರಿನಿಂದ. ದೇಶದ ಜೈಲುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ತೀರ್ಪೇ ಆಗದ ವಿಚಾರಣಾಧೀನರು, ಅವರಿಗಿಂತ ಪೂರ್ತಿಯಾಗಿ ಅಳಿಸಿಹೋದವರು ಯಾರು? ರಾಗದ್ವೇಷ ಬಿಡಬೇಕು ಎನ್ನುತ್ತಾರೆ. ಪಾಲಿಗಾಗಿ ದಾವೆ ಹೂಡಿದ ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಒಂದೇ ಬಸ್ಸಿನಲ್ಲಿ ವಾಯಿದೆಗೆ ಓಡಾಡಿ, ಈಗ ಕ್ಯಾಂಟೀನಿನಲ್ಲಿ ಬೈಟು ಕಾಫಿ ಕುಡಿಯುತ್ತಾರೆ. ಇನ್ನು ಶೋಕ. ದಾವೆ ಹಾಕಿದ ಅಪ್ಪ ನಡುವೆ ತೀರಿಕೊಂಡು, ವಾರಸುದಾರರನ್ನು ರೆಕಾರ್ಡಿಗೆ ತರಲು ಒಂದು ಅರ್ಜಿ, ಅದಕ್ಕೆ ತಕರಾರು, ತಕರಾರಿಗೆ ಆದೇಶ ಆಗುವಷ್ಟರಲ್ಲಿ ತಾಯಿಯೂ ಹೋಗಿ ಇನ್ನೊಂದು ಅರ್ಜಿ. ಶೋಕದ ಉಡುಪಿಗೆ ತಕ್ಕ ನಿಜವಾದ ಸಾವು ಇರುವುದು ಅವನ ಮನೆಯಲ್ಲಿ.

ಹಾಗೆಂದು ಈ ಲೇಖನ ಓದಿ ಯಾರೂ ಗೌನು ಹೊಲಿಸಿಕೊಂಡು ಕೋರ್ಟಿಗೆ ಹೊರಡಬೇಡಿ. ಸರ್ಕಾರಿ ಅಧಿಕಾರಿಯೆಂದು ಜನ ನಂಬಲಿ ಎಂದು ಅಂಥ ಉಡುಪು ತೊಡುವುದು ಭಾರತೀಯ ನ್ಯಾಯಸಂಹಿತೆಯ 205ನೇ ಕಲಮಿನಂತೆ ಅಪರಾಧ. ಮೂರು ತಿಂಗಳವರೆಗೆ ಜೈಲು, ಇಲ್ಲವೇ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಬಿಡುಗಡೆಯಾಗಲು ನಿಮಗೊಬ್ಬ ಕರಿಕೋಟಿನವರು ಬೇಕಾಗುತ್ತಾರೆ. ಫೀಸು ಮುಂಗಡ.